ಆಂಜನೇಯ, ಈಸ್ಟ್ ಇಂಡಿಯಾ ಕಂಪನಿ ಮತ್ತು ನಮ್ಮ ಚಿಕ್ಕಪ್ಪ

ಅಜ್ಜನ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ನಶ್ಯದ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದ ಚಿಕ್ಕಪ್ಪ ಮೊದಲು ಸೀನಿದರು, ಆಮೇಲೆ ಕೂಗಿದರು. ಒಳಗೆ ಚಿಲ್ಲರೆ ಇತ್ತು. ಎರಡನೇ ಮಹಾಯುದ್ಧದ ಕಾಲದ ತೂತು ಕಾಸು, ಕಮಲದ ಚಿತ್ರದ 20 ಪೈಸೆ, ಜೊತೆಗೆ ಕಪ್ಪಗಾಗಿದ್ದ ಒಂದು ದಪ್ಪ ನಾಣ್ಯ. ಅದರ ಒಂದು ಕಡೆ ಗುಡ್ಡ ಹೊತ್ತು ಹಾರುತ್ತಿರುವ ಆಂಜನೇಯ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಒನ್ ಆಣಾ’, ಕೆಳಗೆ 1818.

“ಇನ್ನೂರು ವರ್ಷ ಹಳೇದು ಕಣೋ!” ಅಂದರು. ಅಷ್ಟು ಹೊತ್ತು ನಮ್ಮ ಜೊತೆ ನೆಲದ ಮೇಲೆ ಕೂತು ಧೂಳು ಕೊಡವುತ್ತಿದ್ದವರು ಎದ್ದು ಹೋಗಿ ಕುರ್ಚಿಯಲ್ಲಿ ಕೂತರು.

ಆಂಜನೇಯನ ಮುಖವೇ ಕಾಣುತ್ತಿಲ್ಲ ಅಂತ ಚಿಕ್ಕಮ್ಮ ನಾಣ್ಯಕ್ಕೆ ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದರು. ನಾಣ್ಯ ಸಂಗ್ರಹ ಮಾಡುವವರ ಮುಂದೆ ಇದನ್ನು ಹೇಳಬೇಡಿ, ಎದೆ ಹಿಡಿದುಕೊಂಡು ಕೂತುಬಿಡುತ್ತಾರೆ. ಅವರಿಗೆ ಆ ಕಪ್ಪೇ ಮುಖ್ಯ. ತಿಕ್ಕಿ ಬೆಳಗಿದ ಹಳೆ ನಾಣ್ಯಕ್ಕೆ ಬೆಲೆ ಬಿದ್ದೇ ಹೋಗುತ್ತದೆ. ಚಿಕ್ಕಮ್ಮ ಅಲ್ಲಿಗೂ ಬಿಡಲಿಲ್ಲ. ಹೊಳಪು ಹೋಗದಿರಲಿ ಅಂತ ಕೊಬ್ಬರಿ ಎಣ್ಣೆ ಬೇರೆ ಸವರಿಟ್ಟರು. ಈ ಎಣ್ಣೆ ಸ್ವಲ್ಪ ನೆನಪಿರಲಿ.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಯಾರೋ ‘ರೈಸ್ ಪುಲ್ಲಿಂಗ್’ ವಿಷಯ ತಲೆಗೆ ತುಂಬಿದ್ದರು. ಕಥೆ ನೀವೂ ಕೇಳಿರಬಹುದು. ಸಿಡಿಲು ಬಡಿದ ಹಳೆ ತಾಮ್ರದ ಚೊಂಬಿಗೋ ನಾಣ್ಯಕ್ಕೋ ಅಕ್ಕಿಕಾಳನ್ನು ಎಳೆಯುವ ಶಕ್ತಿ ಬರುತ್ತದಂತೆ, ಅದನ್ನು ವಿದೇಶದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರಂತೆ. ಅಸಲಿಗೆ ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿಟ್ಟು ತೋರಿಸುವ ಶುದ್ಧ ಮೋಸ ಅದು. ಪೊಲೀಸರು ಎಷ್ಟು ಜನರನ್ನು ಹಿಡಿದರೂ ನಿಂತಿಲ್ಲ.

ಚಿಕ್ಕಪ್ಪ ಅಡುಗೆಮನೆ ಬಾಗಿಲು ಹಾಕಿಕೊಂಡು ತಟ್ಟೆಯಲ್ಲಿ ಸೋನಾಮಸೂರಿ ಹರಡಿದರು. ನಾಣ್ಯವನ್ನು ಅದರ ಮೇಲೆ ಇಟ್ಟು ಮೆಲ್ಲಗೆ ಎತ್ತಿದರು. ಆಂಜನೇಯನ ಬಾಲದ ತುದಿಗೆ ಎರಡು ಕಾಳು ನೇತಾಡುತ್ತಿದ್ದವು.

“ಎಳೀತಾ ಇದೆ! ಲೇ, ಎಳೀತಾ ಇದೆ ಬಾರೋ!”

ಚಿಕ್ಕಮ್ಮ ಬಂದು ನೋಡಿ, “ಎಣ್ಣೆ ರೀ ಅದು. ಚಮಚಕ್ಕೆ ಎಣ್ಣೆ ಸವರಿ, ಅದೂ ಎಳೆಯುತ್ತೆ” ಅಂದರು. ಚಿಕ್ಕಪ್ಪ ಸವರಿದರು. ಎಳೆಯಿತು. ಒಂದು ಗಳಿಗೆ ಅವರು ಆ ಚಮಚವನ್ನೂ ಭಕ್ತಿಯಿಂದಲೇ ನೋಡಿದರು.

ಪಕ್ಕದ ಮನೆಯವರ ತಕರಾರು ಬೇರೆಯೇ. ಬ್ರಿಟಿಷರು ನಾಣ್ಯದ ಮೇಲೆ ನಮ್ಮ ದೇವರನ್ನು ಯಾಕೆ ಹಾಕುತ್ತಾರೆ, ಇದು ಡೂಪ್ಲಿಕೇಟೇ ಅಂದರು. ತೀರ್ಪು ಸರಿ, ಕಾರಣ ತಪ್ಪು. ದೇವರಿಗೂ ನಾಣ್ಯಕ್ಕೂ ನಮ್ಮಲ್ಲಿ ಹಳೆ ನಂಟು. ವಿಜಯನಗರದ ಮೊದಮೊದಲ ಅರಸರ ನಾಣ್ಯಗಳಲ್ಲಿ ಹನುಮಂತ ಇದ್ದಾನೆ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣ ಕೂತಿದ್ದಾನೆ. ಹೈದರಾಲಿ ತನ್ನ ಚಿನ್ನದ ನಾಣ್ಯದಲ್ಲಿ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡಿದ್ದ. ಅಷ್ಟೇ ಯಾಕೆ, ಮದರಾಸಿನಲ್ಲಿ ಇದೇ ಕಂಪನಿ ಇಬ್ಬರು ದೇವಿಯರ ನಡುವೆ ವಿಷ್ಣು ನಿಂತಿರುವ ಚಿನ್ನದ ನಾಣ್ಯ ಹೊಡೆಸಿತ್ತು. ವ್ಯಾಪಾರಿಗೆ ಯಾವ ದೇವರಾದರೇನು, ಜನ ದುಡ್ಡು ಅಂತ ತೆಗೆದುಕೊಂಡರೆ ಸಾಕು.

ಗುಟ್ಟು ಇನ್ನೊಂದು ಮಗ್ಗುಲಲ್ಲಿತ್ತು. 1818ರಲ್ಲಿ ಕಂಪನಿಗೆ ಇಡೀ ದೇಶಕ್ಕೆ ಒಂದೇ ನಾಣ್ಯ ಅಂತ ಇರಲಿಲ್ಲ. ಬಂಗಾಳಕ್ಕೊಂದು, ಮುಂಬೈಗೊಂದು, ಮದರಾಸಿಗೊಂದು. ಬಂಗಾಳದ ರೂಪಾಯಿಯ ಮೇಲೆ ಆಗಲೂ ಪರ್ಷಿಯನ್ ಅಕ್ಷರದಲ್ಲಿ ಮೊಘಲ್ ಬಾದಶಹ ಷಾ ಆಲಂನ ಹೆಸರೇ ಇತ್ತು. ಅವನು 1806ರಲ್ಲೇ ತೀರಿಕೊಂಡಿದ್ದ! ಎಲ್ಲ ಕಡೆಗೂ ಒಂದೇ ನಾಣ್ಯ ಬಂದಿದ್ದು 1835ರಲ್ಲಿ. ಅದರಲ್ಲೂ ಕಾಲಾಣೆ, ಅರ್ಧಾಣೆ ಇದ್ದವು, ಒಂದಾಣೆ ಇರಲಿಲ್ಲ. ಅಂಚು ಅಲೆಅಲೆಯಾಗಿದ್ದ, ತಾಮ್ರ-ನಿಕ್ಕಲ್ ಬೆರೆತ ಒಂದಾಣೆ ಬಂದಿದ್ದು 1907ರಲ್ಲಿ. ಅಷ್ಟು ಹೊತ್ತಿಗೆ ಕಂಪನಿಯೇ ಇರಲಿಲ್ಲ.

ಭೂತಗನ್ನಡಿ ಹಿಡಿದರೆ ಇನ್ನೂ ಸ್ಪಷ್ಟ. ನಾಣ್ಯದ ಅಂಚಿನ ಸುತ್ತ ಸಣ್ಣದೊಂದು ಗೆರೆ, ಎರಡು ಅರ್ಧ ಕೂಡಿದ ಗುರುತು. ಗದೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಎರಕ ಹೊಯ್ದಾಗ ಗಾಳಿಗುಳ್ಳೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಟಂಕಸಾಲೆಯಲ್ಲಿ ಅಚ್ಚು ಒತ್ತಿ ಹೊಡೆದ ನಾಣ್ಯಕ್ಕೆ ಇವೆರಡೂ ಇರುವುದಿಲ್ಲ. ಪೂಜೆಗೆ ಇಟ್ಟುಕೊಳ್ಳುವ, ನಾಣ್ಯದಂಥ ರಾಮಟಂಕಿ ಬಿಲ್ಲೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಯಾರೋ ಜಾಣರು ಅದಕ್ಕೆ ಕಂಪನಿಯ ಹೆಸರು, ಹಳೆಯದೊಂದು ಇಸವಿ ಸೇರಿಸಿದ್ದಾರೆ. ಇಂಥವು ರಾಮ, ಲಕ್ಷ್ಮಿ, ಗಣಪತಿ ಅಂತ ಬೇಕಾದಷ್ಟು ಸಿಗುತ್ತವೆ. ಇಸವಿಗಳೂ ಅಷ್ಟೇ: 1616, 1717, 1818. ಮಾಡಿದವನಿಗೆ ಲೆಕ್ಕಕ್ಕಿಂತ ಪ್ರಾಸ ಜಾಸ್ತಿ ಇಷ್ಟ ಅಂತ ಕಾಣುತ್ತದೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳೋಣ ಅಂತ ಹೋದರೆ ಅವರು ಫೋನಿನಲ್ಲಿದ್ದರು. ಆ ಕಡೆಯವನು ಲಕ್ಷಗಳಲ್ಲಿ ಮಾತಾಡುತ್ತಿದ್ದ. ನಾಣ್ಯ ಕಳಿಸುವ ಮೊದಲು ರಿಸರ್ವ್ ಬ್ಯಾಂಕಿನ ‘ನೋಂದಣಿ ಫೀಸು’ ಕಟ್ಟಬೇಕಂತೆ. ಹಳೆ ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ತಾನು ಯಾವ ಫೀಸೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ ಅಂದೆ.

“ನೀನು ಸುಮ್ನಿರೋ, ಅವರು ದೊಡ್ಡ ಮನುಷ್ಯರು, ಸರ್ ಸರ್ ಅಂತ ಮಾತಾಡ್ತಾರೆ” ಅಂದರು.

ಚಿಕ್ಕಮ್ಮ ಫೋನು ಕಿತ್ತುಕೊಂಡರು. “ನೋಡಪ್ಪಾ, ನೀನು ಕೊಡೋ ಲಕ್ಷದಲ್ಲೇ ಫೀಸು ಮುರಿದುಕೊಂಡು ಬಾಕಿ ಕಳಿಸು.” ಲೈನು ಕಟ್ಟಾಯಿತು. ಪಾಪ, ಸಿಗ್ನಲ್ ಹೋಗಿರಬೇಕು ಅಂತ ಚಿಕ್ಕಪ್ಪ ಕಿಟಕಿ ಹತ್ತಿರ ಹೋಗಿ ನಿಂತರು.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಷಾ ಆಲಂ, ಅಂಚಿನ ಗೆರೆ, ಗಾಳಿಗುಳಿ, ಒಂದನ್ನೂ ಬಿಡಲಿಲ್ಲ. ಚಿಕ್ಕಪ್ಪ ತಲೆ ಆಡಿಸುತ್ತಾ ಪೂರ್ತಿ ಕೇಳಿದರು. ಮಜ್ಜಿಗೆ ಸುರಿದುಕೊಂಡು ಹೇಳಿದರು:

“ಆಯ್ತಪ್ಪ, ಡೂಪ್ಲಿಕೇಟೇ ಅನ್ಕೋ. ಆದ್ರೆ 1818ರ ಡೂಪ್ಲಿಕೇಟು, ಅಲ್ವಾ? ಅದಕ್ಕೆ ಈಗ ಎಷ್ಟು ಬರಬಹುದು?”