ಬರ್ಕ್ಲಿ, ಸ್ಟ್ಯಾನ್‌ಫರ್ಡ್ ದೊಡ್ಡ ಫುಟ್‌ಬಾಲ್ ಬಿಡಲಿ

ಕ್ಯಾಲಿಫೋರ್ನಿಯಾದ ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ನಂಥ ಅಮೆರಿಕದ ಸಂಶೋಧನಾ ವಿಶ್ವವಿದ್ಯಾಲಯಗಳು ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್‌ನಿಂದ ಹೊರಬರಬೇಕು. ನಾನು ಹೇಳ್ತಿರೋದು ಅಲ್ಲಿನ ಹೆಲ್ಮೆಟ್ ಫುಟ್‌ಬಾಲ್ ಬಗ್ಗೆ. ಆಟ ಇರಲಿ, ಕೋಟಿಗಟ್ಟಲೆ ಡಾಲರಿನ ಪೈಪೋಟಿ ಬೇಡ.

2025ರ ಜೂನ್‌ನಲ್ಲಿ ಕಾಲೇಜು ಆಟಗಾರರು ಹೂಡಿದ್ದ ದಾವೆಯಲ್ಲಿ ಕೋರ್ಟು ಒಪ್ಪಿದ ರಾಜಿಯ ನಂತರ ಲೆಕ್ಕವೇ ಬೇರೆ. ಒಂದೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಇದು ಮಿತಿ ಮಾತ್ರ, ಕಡ್ಡಾಯವಲ್ಲ. ಆದರೆ ಎದುರಾಳಿ ಪೂರ್ತಿ ಕೊಟ್ಟು ನೀವು ಅರ್ಧ ಕೊಟ್ಟರೆ, ನಿಮ್ಮ ಒಳ್ಳೆ ಹುಡುಗರು ಮುಂದಿನ ಸೀಸನ್‌ಗೆ ಅಲ್ಲಿರುತ್ತಾರೆ. ಆಡಿದವರಿಗೆ ದುಡ್ಡು ಸಿಗೋದು ನ್ಯಾಯವೇ. ಆದರೆ ಪಂದ್ಯಗಳ ಟಿವಿ ಪ್ರಸಾರದ ಹಣ ಸಾಲದ ಕಡೆ ಅದು ಬರೋದು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಿಂದ, ಇಲ್ಲವೇ ವಿದ್ಯಾರ್ಥಿಗಳ ಫೀಸಿನಿಂದ. ಅದು ನ್ಯಾಯವಲ್ಲ.

ಬರ್ಕ್ಲಿಯ ಸ್ಟೇಡಿಯಂ ನೋಡಿ. ಹೇವರ್ಡ್ ಭೂಬಿರುಕು ಅದರ ಅಡಿಯಲ್ಲೇ, ಒಂದು ಗೋಲ್ ತುದಿಯಿಂದ ಇನ್ನೊಂದಕ್ಕೆ ಹಾದುಹೋಗುತ್ತದೆ. 2012ರ ದುರಸ್ತಿಯಲ್ಲಿ ಬಿರುಕಿನ ಮೇಲಿನ ಭಾಗಗಳನ್ನು ಉಳಿದ ಕಟ್ಟಡದಿಂದ ಬಿಡಿಸಿ, ನೆಲ ಜಾರಿದರೆ ತಾವೂ ಜಾರುವಂತೆ ಕಟ್ಟಿದರು. ಎಂಜಿನಿಯರಿಂಗ್ ಅದ್ಭುತವೇ. ಆದರೆ ಪಕ್ಕದ ತರಬೇತಿ ಕೇಂದ್ರವೂ ಸೇರಿ ಸಾಲ 40 ಕೋಟಿ ಡಾಲರ್ ದಾಟಿತು. ದುಬಾರಿ ಸೀಟು ಮಾರಿ ತೀರಿಸುವ ಲೆಕ್ಕ ಕೈಕೊಟ್ಟಿತು, ಒಂದಷ್ಟು ಹೊರೆ ಕ್ಯಾಂಪಸ್ ತಲೆಗೆ ಬಂತು.

2024ರಿಂದ ಪಶ್ಚಿಮ ಕರಾವಳಿಯ ಬರ್ಕ್ಲಿ, ಸ್ಟ್ಯಾನ್‌ಫರ್ಡ್ ಎರಡೂ ಅಟ್ಲಾಂಟಿಕ್ ಕರಾವಳಿಯ ಕೂಟದಲ್ಲಿವೆ, ಅಂದರೆ ತಮ್ಮತಮ್ಮಲ್ಲೇ ಪಂದ್ಯ ಆಡುವ ವಿಶ್ವವಿದ್ಯಾಲಯಗಳ ಗುಂಪಿನಲ್ಲಿ. ಫುಟ್‌ಬಾಲ್ ತಂಡಕ್ಕೆ ವಾರಕ್ಕೊಂದೇ ಪಂದ್ಯ, ಹೇಗೋ ನಡೆಯುತ್ತೆ. ವಾಲಿಬಾಲ್ ಹುಡುಗಿಯರು ವಾರದ ಮಧ್ಯೆ ದೇಶದ ಆ ತುದಿಗೆ ಹಾರಬೇಕು, ಲ್ಯಾಬ್ ಕ್ಲಾಸ್ ತಪ್ಪಬೇಕು.

'ಫುಟ್‌ಬಾಲ್ ದುಡ್ಡೇ ಉಳಿದ ಆಟಗಳನ್ನು ಸಾಕುತ್ತೆ' ಅನ್ನೋ ವಾದ ಕೆಲವು ಕಡೆ ನಿಜ. ಆದರೆ 2020ರಲ್ಲಿ ಸ್ಟ್ಯಾನ್‌ಫರ್ಡ್ ಕುಸ್ತಿಯೂ ಸೇರಿ 11 ಆಟಗಳನ್ನು ಕೈಬಿಡುವುದಾಗಿ ಘೋಷಿಸಿತು, ಫುಟ್‌ಬಾಲ್ ಮುಟ್ಟಲಿಲ್ಲ. ವಿರೋಧ ಜೋರಾದ ಮೇಲೆ ಮರುವರ್ಷ ನಿರ್ಧಾರ ವಾಪಸ್ಸಾಯಿತು.

ಬಿಟ್ಟರೆ ಹೆಸರು ಹೋಗುತ್ತೆ ಅನ್ನೋರು ಶಿಕಾಗೋ ವಿಶ್ವವಿದ್ಯಾಲಯ ನೋಡಲಿ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 1935ರಲ್ಲಿ ಮೊದಲು ಗೆದ್ದ ಜೇ ಬರ್ವಾಂಗರ್ ಅಲ್ಲಿನ ತಂಡದವನೇ. 1939ರಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ತಂಡವನ್ನೇ ನಿಲ್ಲಿಸಿದರು. 1942ರ ಡಿಸೆಂಬರ್ 2ರಂದು ಅದೇ ಮೈದಾನದ ಗ್ಯಾಲರಿಯ ಕೆಳಗೆ, ಗ್ರಾಫೈಟ್ ಇಟ್ಟಿಗೆ ಪೇರಿಸಿ, ಭೌತವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು. 1969ರಲ್ಲಿ ಫುಟ್‌ಬಾಲ್ ಮರಳಿತು. ಈಗ ಕಾಲೇಜು ಕ್ರೀಡೆಯ ಕೆಳ ಹಂತವಾದ ಡಿವಿಷನ್ 3ರಲ್ಲಿ, ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದೆ ಆಡ್ತಾರೆ.

ಬಿಡೋದೂ ಸುಲಭವಲ್ಲ. ಕೂಟದ ನಿರ್ಗಮನ ಶುಲ್ಕ, ಕೋಚ್‌ಗಳ ಉಳಿದ ಕರಾರು, ಸ್ಟೇಡಿಯಂ ಸಾಲದ ಬಾಂಡ್ ಮೂರನ್ನೂ ಮೊದಲೇ ಲೆಕ್ಕ ಹಾಕಿ, ನಾಲ್ಕು ವರ್ಷ ಮುಂಚೆ ಹೇಳಬೇಕು. ಆಗಲೇ ಸೇರಿರೋ ಹುಡುಗರ ಸ್ಕಾಲರ್‌ಶಿಪ್ ಮಾತ್ರ ಡಿಗ್ರಿ ಮುಗಿಯೋವರೆಗೂ ಒಂದು ಡಾಲರ್ ಕಡಿಮೆಯಾಗಬಾರದು.