ಚರಗದ ಮರುದಿನದ ಸ್ಯಾಂಡ್‌ವಿಚ್

ಎಳ್ಳ ಅಮಾವಾಸ್ಯೆಗೆ ಅಡುಗೆ ಮಾಡುವವರಿಗೆ ಅಳತೆ ಗೊತ್ತಿರುವುದಿಲ್ಲ. ಗೊತ್ತಿರಲೂ ಬಾರದು. ಹೊಲಕ್ಕೆ ಒಯ್ದ ಬುತ್ತಿ ಮನೆಮಂದಿಗೆ ಸರಿಹೋಯಿತು ಅಂದರೆ ವಿಜಯಪುರದ ಕಡೆ ಅದು ಮರ್ಯಾದೆಯ ಪ್ರಶ್ನೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿ, ಆಮೇಲೆ ಊಟಕ್ಕೆ ಕೂತರೆ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆಯಬೇಕು. ‘ಬರ್ರಿ, ಒಂದ್ ತುತ್ತು ಉಂಡು ಹೋಗ್ರಿ’ ಅಂದ ಮೇಲೆ ಪಾತ್ರೆ ಖಾಲಿ ಇದ್ದರೆ ಹೇಗೆ? ಡೋಣಿ ನದಿಯ ದಂಡೆಯ ಹೊಲದವರಂತೂ ಕೈ ಹಿಡಿಯುವುದೇ ಇಲ್ಲ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತು ಕೇಳಿ ಬೆಳೆದ ಮಂದಿ, ಅಡುಗೆಯನ್ನೂ ಓಣಿಯ ಲೆಕ್ಕದಲ್ಲೇ ಮಾಡುತ್ತಾರೆ.

ಹಾಗಾಗಿ ಉಳಿಯುತ್ತದೆ. ಏನೇನು ಉಳಿಯುತ್ತದೆ ಅನ್ನುವುದೂ ಹೆಚ್ಚು ಕಡಿಮೆ ಗೊತ್ತಿದ್ದದ್ದೇ. ಕಡಕ್ ರೊಟ್ಟಿಯ ಚಿಂತೆಯಿಲ್ಲ, ಅದರಲ್ಲಿ ನೀರಿನಂಶವೇ ಇಲ್ಲ, ತಿಂಗಳಾದರೂ ಇರುತ್ತದೆ. ಶೇಂಗಾ ಹೋಳಿಗೆಯೂ ಡಬ್ಬಿಯಲ್ಲಿ ಆರಾಮಾಗಿ ಕೂತಿರುತ್ತದೆ. ಕಷ್ಟ ಇರುವುದು ನಡುವಿನವಕ್ಕೆ: ಎಣ್ಣೆಗಾಯಿ ಬದನೆಕಾಯಿ, ಕಡಲೆಹಿಟ್ಟಿನ ಜುಣಕದ ವಡೆ, ಮಡಿಕೆಕಾಳಿನ ಪಲ್ಯ, ಕರಿದ ಮೆಣಸಿನಕಾಯಿ. ಇವುಗಳಲ್ಲಿ ಒಂದು ಪಾಲನ್ನು ಹೊಲಕ್ಕೆ ಹೊರಡುವ ಮೊದಲೇ ತೆಗೆದು ಫ್ರಿಜ್ಜಿಗೆ ಸೇರಿಸಬೇಕು. ಬೆಳಗ್ಗೆ ಕಟ್ಟಿದ ಬುತ್ತಿಯಲ್ಲೇ ಸಂಜೆವರೆಗೂ ಬಿಸಿಲಿನಲ್ಲಿ ಕೂತು ಬಂದ ಕಾಳಿನ ಪಲ್ಯವನ್ನು ನಾನು ನಂಬುವುದಿಲ್ಲ. ಅದು ದನಕ್ಕೆ. ಮನೆಯಲ್ಲಿ ತೆಗೆದಿಟ್ಟ ಪಾಲು ಮಾತ್ರ ನಮಗೆ.

ಮರುದಿನ ಅದೇ ಬದನೆಕಾಯಿ, ಅದೇ ರೊಟ್ಟಿ. ದೊಡ್ಡವರು ಸುಮ್ನೆ ಉಣ್ಣುತ್ತಾರೆ. ಪುಣೆಯಿಂದ, ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು ತಾಟು ನೋಡಿ ಫೋನ್ ತೆಗೆಯುತ್ತಾರೆ. ಈ ಅಮಾವಾಸ್ಯೆ ಬರುವುದೂ ಅಂಥ ಹೊತ್ತಿನಲ್ಲೇ, ಡಿಸೆಂಬರ್ ಕೊನೆಗೋ ಜನವರಿಗೋ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಅಂದರೆ ತಂಗಳಿನ ದಿನವೇ ಹೊಸ ವರ್ಷದ ಹಿಂದಿನ ರಾತ್ರಿ. ಮಕ್ಕಳಿಗೆ ಪಾರ್ಟಿ ಬೇಕು, ಫ್ರಿಜ್ಜಿನ ತುಂಬ ಪಾಂಡವರ ಪ್ರಸಾದ. ಈ ಎರಡನ್ನೂ ಒಂದೇ ತಟ್ಟೆಗೆ ತರುವ ಉಪಾಯ ಅಂದರೆ ಪಾವ್.

ಉಪಾಯ ನಮ್ಮದಲ್ಲ, ಅಮೆರಿಕದವರದ್ದು. ಅಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಸುಗ್ಗಿಯ ಹಬ್ಬವೇ ಅನ್ನಿ. ಅವರಿಗೂ ಅಳತೆ ಗೊತ್ತಿಲ್ಲ. ಒಂದು ಇಡೀ ಟರ್ಕಿ ಕೋಳಿ ಬೇಯಿಸುತ್ತಾರೆ, ಅದು ಮುಗಿಯುವುದಿಲ್ಲ. ಮರುದಿನ ಉಳಿದ ಮಾಂಸ, ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು, ಚೀಸ್ ಎಲ್ಲವನ್ನೂ ಪುಟ್ಟ ಸಿಹಿ ಬನ್ನುಗಳ ನಡುವೆ ಇಟ್ಟು, ಮೇಲೆ ಬೆಣ್ಣೆ, ಸಾಸಿವೆ, ಗಸಗಸೆ ಸವರಿ ಓವನ್ನಿಗೆ ತಳ್ಳುತ್ತಾರೆ. ಬನ್ನುಗಳನ್ನು ಬಿಡಿಸುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಹಾಗೇ ಇಡೀ ಹಲಗೆಯನ್ನು ಅಡ್ಡಲಾಗಿ ಸೀಳುತ್ತಾರೆ. ಅವರು ಹೆಚ್ಚಾಗಿ ಬಳಸುವುದು ಹವಾಯಿ ಬನ್ನು. 1950ರಲ್ಲಿ ಹಿಲೋ ಎಂಬ ಊರಲ್ಲಿ ರಾಬರ್ಟ್ ತೈರಾ ಎನ್ನುವವರು ಬೇಕರಿ ಇಟ್ಟು ಅದನ್ನು ಹೆಸರಿಗೆ ತಂದರು. ಆದರೆ ಆ ಸಿಹಿ ಬ್ರೆಡ್ಡು ಹವಾಯಿಗೆ ಹೋದದ್ದು ಕಬ್ಬಿನ ತೋಟದ ಕೆಲಸಕ್ಕೆ ಬಂದ ಪೋರ್ಚುಗೀಸರ ಜೊತೆ, 1878ರಿಂದ ಈಚೆಗೆ. ನಮ್ಮ ಪಾವ್ ಕೂಡ ಗೋವಾದ ಪೋರ್ಚುಗೀಸರ ಬಳುವಳಿ. ಬೇಕರಿಯಲ್ಲಿ ಹಲಗೆಯಂತೆ ಒಂದಕ್ಕೊಂದು ಅಂಟಿಕೊಂಡೇ ಸಿಗುವ ಲಾದಿ ಪಾವ್, ಆ ಹವಾಯಿ ಬನ್ನು ಎರಡೂ ದಾಯಾದಿಗಳು. ಹಾಗಾಗಿ ಅವರ ಕೈಚಳಕ ನಮ್ಮ ಪಾವ್ ಮೇಲೆ ನಡೆದರೆ ಅದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ?

ಪಾವ್ ಹಿಂದಿನ ದಿನದ್ದಾದರೂ ನಡೆಯುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಬ್ರೆಡ್ಡಿನೊಳಗಿನ ಪಿಷ್ಟ ತಣ್ಣಗಿನ ಜಾಗದಲ್ಲಿ ಬೇಗ ಗಟ್ಟಿಯಾಗುತ್ತದೆ, ಹೊರಗಿಟ್ಟದ್ದಕ್ಕಿಂತ ಜಾಸ್ತಿ ಬಿರುಸಾಗುತ್ತದೆ. ಬಿಸಿ ತಾಗಿದರೆ ಮತ್ತೆ ಸಡಿಲವಾಗುತ್ತದೆ. ತಂಗಳು ಪಲ್ಯಕ್ಕೆ ತಂಗಳು ಪಾವ್, ಇಬ್ಬರ ಮಾನವೂ ಓವನ್ನಿನಲ್ಲಿ ಉಳಿಯುತ್ತದೆ.

ಸೀಳುವುದೇ ದೊಡ್ಡ ಕೆಲಸ. ಹಲ್ಲಿರುವ ಚಾಕು ಬೇಕು. ಅಂಗೈಯನ್ನು ಲಾದಿಯ ಮೇಲೆ ಹಗುರವಾಗಿ ಊರಿ, ಒತ್ತದೆ, ಹಿಂದೆ ಮುಂದೆ ಎಳೆಯುತ್ತ ಹೋಗಬೇಕು. ಒತ್ತಿದಿರೋ, ಮೇಲಿನ ಪದರ ನಡುವಿನಲ್ಲಿ ಹರಿದು ಬರುತ್ತದೆ. ಕೆಳಗಿನ ಅರ್ಧ ತುಸು ದಪ್ಪ ಇರಲಿ, ಎಣ್ಣೆ ಕುಡಿಯುವ ಪಾಲು ಅದರದ್ದು. ಆ ಅರ್ಧವನ್ನು ಬೆಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಒಳಮೈಗೂ ಬೆಣ್ಣೆ ಹಚ್ಚಿ, ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಬೇಕು. ಇದು ರುಚಿಗಷ್ಟೇ ಅಲ್ಲ. ಎಣ್ಣೆ ಇಳಿದು ಬನ್ನು ಮೆತ್ತಗಾಗದ ಹಾಗೆ ಪುಡಿ ತಡೆಯುತ್ತದೆ.

ಇನ್ನು ಎಣ್ಣೆಗಾಯಿ. ಮರುದಿನದ ಎಣ್ಣೆಗಾಯಿ ಮೊದಲ ದಿನದ್ದಕ್ಕಿಂತ ರುಚಿ ಎಂದು ನಮ್ಮ ಕಡೆ ಯಾರೂ ವಾದ ಮಾಡುವುದಿಲ್ಲ, ಅದು ಇತ್ಯರ್ಥವಾದ ವಿಷಯ. ರಾತ್ರಿಯಿಡೀ ಗುರೆಳ್ಳು, ಶೇಂಗಾ, ಹುಣಸೆ, ಬೆಲ್ಲ ಎಲ್ಲ ಬದನೆಯ ಒಳಗೆ ಇಳಿದಿರುತ್ತವೆ. ಮೇಲೆ ಕೆಂಪು ಎಣ್ಣೆ ಕಟ್ಟಿರುತ್ತದೆ. ಆ ಎಣ್ಣೆಯನ್ನು ಚಮಚದಿಂದ ಬಸಿದು ಒಂದು ಬಟ್ಟಲಿಗೆ ತೆಗೆದಿಡಿ, ಕೆಲಸವಿದೆ. ತೊಟ್ಟು ಕಿತ್ತು, ಬದನೆಯನ್ನು ಬೆರಳಿನಿಂದ ಅಮುಕಿ ಚಪ್ಪಟೆ ಮಾಡಿ ಪಾವಿನ ಮೇಲೆ ಹಾಸಬೇಕು. ಚಾಕುವಿನಿಂದ ಕತ್ತರಿಸಿದರೆ ಒಳಗಿನ ಮಸಾಲೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಅದರ ಮೇಲೆ ಜುಣಕದ ವಡೆ. ಎಣ್ಣೆ ಸವರಿದ ತಾಟಿನಲ್ಲಿ ತಟ್ಟಿ ಕೊಯ್ದ ವಡೆ ಸ್ಯಾಂಡ್‌ವಿಚ್ಚಿಗೆಂದೇ ಹುಟ್ಟಿದ ಹಾಗಿರುತ್ತದೆ. ಅದೇ ಆಕಾರ, ಅದೇ ದಪ್ಪ. ಕಾಳಿನ ಪಲ್ಯ ಒಣಗಿದ್ದರೆ ಮಾತ್ರ ಹಾಕಿ. ರಸ ಇದ್ದದ್ದನ್ನು ಹಾಕಿದರೆ ಬನ್ನು ಮುದ್ದೆಯಾಗುತ್ತದೆ. ಕೊನೆಗೆ ಚೀಸ್. ಇಲ್ಲಿ ದೊಡ್ಡಸ್ತಿಕೆಯ ಚೀಸ್ ಹುಡುಕಿಕೊಂಡು ಹೋಗಬೇಡಿ, ಅಂಗಡಿಯ ಸಾದಾ ಅಮುಲ್ ಸ್ಲೈಸ್ ಸಾಕು. ಅದರಲ್ಲಿ ಕೊಬ್ಬು ಬೇರ್ಪಡದಂತೆ ತಡೆಯುವ ಲವಣ ಇರುವುದರಿಂದ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ.

ಹೋಳಿಗೆಯನ್ನೂ ಒಳಗೆ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ಇಡಬಾರದು. ಶೇಂಗಾ ಹೋಳಿಗೆಗೆ ತುಪ್ಪ ಬಿಟ್ಟರೆ ಬೇರೆ ಸಂಗಾತಿ ಬೇಕಿಲ್ಲ. ಎಲ್ಲವನ್ನೂ ಪಾವಿಗೆ ತುರುಕುವುದು ಅಡುಗೆಯಲ್ಲ, ಚೇಷ್ಟೆ.

ಮೇಲಿನ ಅರ್ಧ ಮುಚ್ಚಿದ ಮೇಲೆ, ಬಸಿದಿಟ್ಟ ಕೆಂಪೆಣ್ಣೆಗೆ ಕರಗಿಸಿದ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಬನ್ನಿನ ನೆತ್ತಿಗೆಲ್ಲ ಸವರಬೇಕು. ಅಮೆರಿಕದವರು ಗಸಗಸೆ ಉದುರಿಸುವ ಜಾಗದಲ್ಲಿ ನಮ್ಮದು ಎಳ್ಳು. ಎಳ್ಳ ಅಮಾವಾಸ್ಯೆಯ ತಂಗಳಿಗೆ ಎಳ್ಳಿಲ್ಲದಿದ್ದರೆ ಹೇಗೆ? 180 ಡಿಗ್ರಿಗೆ ಕಾದ ಓವನ್ನಿನಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ತೆಗೆದು ಇನ್ನೊಂದು 5 ನಿಮಿಷ. ಮುಚ್ಚಿದಾಗ ಒಳಗಿನ ಪಲ್ಯ ಹಬೆಯಲ್ಲಿ ಬಿಸಿಯಾಗುತ್ತದೆ, ತೆರೆದಾಗ ಮೇಲ್ಮೈ ಬಣ್ಣಕ್ಕೆ ಬರುತ್ತದೆ. ಮೊದಲಿನಿಂದಲೇ ತೆರೆದಿಟ್ಟರೆ ಎಳ್ಳು ಸುಟ್ಟು, ಬದನೆಕಾಯಿ ಫ್ರಿಜ್ಜಿನಷ್ಟೇ ತಣ್ಣಗಿರುತ್ತದೆ.

ಓವನ್ ಇಲ್ಲದವರಿಗೆ ರೊಟ್ಟಿಯ ದಪ್ಪ ಹಂಚು ಇದೆ. ಸಣ್ಣ ಉರಿ, ಮೇಲೊಂದು ಬೋಗುಣಿ ಡಬ್ಬು ಹಾಕಿದರೆ ಆಯಿತು. ಬುಡ ಗರಿಗರಿ ಆಗುತ್ತದೆ, ನೆತ್ತಿ ಮೆತ್ತಗೇ ಉಳಿಯುತ್ತದೆ. ನನಗೆ ಅದೂ ಇಷ್ಟವೇ. ಇಲ್ಲವೇ ಬೇಕರಿಯ ಭಟ್ಟಿ. ಮನೆಯಲ್ಲಿ ಕಲಸಿದ ನಾನ್‌ಕಟಾಯಿ ಹಿಟ್ಟನ್ನು ತಟ್ಟೆಯಲ್ಲಿ ಜೋಡಿಸಿ ಬೇಕರಿಗೆ ಒಯ್ದು ಬೇಯಿಸಿಕೊಂಡು ಬರುವುದು ನಮ್ಮ ಊರುಗಳಲ್ಲಿ ಹಳೆಯ ರೂಢಿ. ಬದನೆಕಾಯಿ ತುಂಬಿದ ಪಾವಿನ ತಟ್ಟೆ ಒಯ್ದರೆ ಭಟ್ಟಿಯವರು ಮುಖ ನೋಡುತ್ತಾರೆ. ‘ಇದೇನ್ರಿ ಇದು, ಬೇಕ್ ಮಾಡಿದ್ದನ್ನ ಮತ್ತ ಬೇಕ್ ಮಾಡ್ತೀರಿ?’ ಒಂದು ತುಂಡು ಅಲ್ಲೇ ಕೊಟ್ಟು ಬಂದರೆ ಮುಂದಿನ ಸಲ ಕೇಳುವುದಿಲ್ಲ.

ಬಿಸಿ ಇರುವಾಗಲೇ ತಟ್ಟೆಯನ್ನು ನಡುಮನೆಯಲ್ಲಿ ಇಟ್ಟು ದೂರ ನಿಲ್ಲಬೇಕು. ನಿನ್ನೆ ಬದನೆಕಾಯಿಗೆ ಮುಖ ತಿರುಗಿಸಿದವರೇ ಇವತ್ತು ಚೀಸಿನ ಎಳೆ ಎಳೆಯುತ್ತ ‘ಒಳಗ ಏನ್ ಹಾಕೀರಿ?’ ಎಂದು ಕೇಳುತ್ತಾರೆ. ಹೇಳುವ ಅವಸರ ಮಾಡಬೇಡಿ. ಮೂಲೆಯ ತುಂಡಿಗೆ ಜಗಳ ಬರುತ್ತದೆ, ಅದರ ಎರಡು ಬದಿ ಗರಿಗರಿ ಇರುತ್ತದೆ ನೋಡಿ. ಅಜ್ಜಿಗೆ ಮಾತ್ರ ನಡುವಿನದು, ಹಲ್ಲಿಗೆ ಹಗುರ.

ಕರಿದ ಮೆಣಸಿನಕಾಯಿಯ ವಿಷಯ ಬಿಟ್ಟೇಬಿಟ್ಟಿದ್ದೆ. ಅದನ್ನು ಎಲ್ಲದರಲ್ಲೂ ಇಡುವುದಿಲ್ಲ, ಒಂದು ಸಾಲಿನಲ್ಲಿ ಮಾತ್ರ. ಗುರುತಿಗೆ ಆ ಸಾಲಿನ ಮೇಲೆ ಎಳ್ಳು ಹಾಕುವುದಿಲ್ಲ. ಮನೆಯವರಿಗೆಲ್ಲ ಇದು ಗೊತ್ತು. ಮೊದಲ ಹಬ್ಬಕ್ಕೆ ಬಂದ ಅಳಿಯನಿಗೆ ಯಾರೂ ಹೇಳುವುದಿಲ್ಲ.