ಮೀಟರಿನಿಂದ ಈಚೆ ನಿಮ್ಮದು

ಮನೆಯ ನಲ್ಲಿ ನೀರಿನಲ್ಲಿ ಸೀಸ (ಲೆಡ್ ಅನ್ನುವ ವಿಷದ ಲೋಹ) ಸಿಕ್ಕಿತು ಅಂತ ಹೇಳಲು ಇವತ್ತು ಮಧ್ಯಾಹ್ನ ನೀರಿನ ಕಚೇರಿಗೆ ಹೋಗಿದ್ದೆ. "ಮೀಟರಿನಿಂದ ಆಚೆ ನಮ್ಮದು ಸಾರ್, ಈಚೆ ನಿಮ್ಮದು" ಅಂದರು. ಒರಟಾಗಿ ಏನೂ ಹೇಳಲಿಲ್ಲ, ಕೂರಿಸಿಯೇ ಮಾತಾಡಿಸಿದರು. ಆದರೂ ಮನೆಗೆ ಬಂದು ನಾಲ್ಕು ಗಂಟೆ ಆಯಿತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಗೊತ್ತಲ್ಲ ನಿಮಗೆ. ಮೊಮ್ಮಗಳಿಗೆ ಈಗ ಐದು ತಿಂಗಳು. ತಾಯಿ ಹಾಲು ಸಾಲದೆ ಪುಡಿ ಹಾಲು ಕಲಸಿ ಕೊಡುತ್ತಿದ್ದೆವು. ಬೆಳಗ್ಗೆ ಎದ್ದ ಕೂಡಲೇ ಅಡುಗೆಮನೆ ನಲ್ಲಿಯಿಂದ ನೀರು ಹಿಡಿದು, ಚೆನ್ನಾಗಿ ಕುದಿಸಿ, ಆರಿಸಿ. ಅಳಿಯ ಲ್ಯಾಬ್ ಕಡೆ ಕೆಲಸ ಮಾಡುವವನು. "ಮಾವ, ಒಂದು ಸಲ ಸೀಸಕ್ಕೆ ಟೆಸ್ಟ್ ಮಾಡಿಸೋಣ" ಅಂದ. ಎರಡು ಬಾಟಲಿ ನೀರು ಕಳಿಸಿದೆವು. ಒಂದು ಮೇಲಿನ ಟ್ಯಾಂಕಿನದು. ಇನ್ನೊಂದು, ರಾತ್ರಿಯಿಡೀ ನಲ್ಲಿ ಮುಟ್ಟದೆ ಬೆಳಗ್ಗೆ ಮೊದಲು ಬಂದ ನೀರು.

ಟ್ಯಾಂಕಿನ ನೀರು ಸರಿಯಾಗಿತ್ತು. ನಲ್ಲಿ ನೀರಿನಲ್ಲಿ ಸೀಸ ಮಿತಿ ಮೀರಿತ್ತು.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಸೀಸವೇ ಕಡೆ ಮಿತಿ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಮಕ್ಕಳ ಮೈ ಹೀರಿಕೊಳ್ಳುತ್ತದೆ. ಮೂಳೆಯಲ್ಲಿ ಹೋಗಿ ಕೂರುತ್ತದೆ. ಬಸುರಿಯಾದಾಗ ತಾಯಿಯ ಮೂಳೆಯಿಂದ ಹೊರಟು ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಆದ ಪೆಟ್ಟು ಆಮೇಲೆ ಸರಿಹೋಗುವುದಿಲ್ಲ. ಇನ್ನು ಕುದಿಸಿದರೆ ಸೀಸ ಹೋಗುವುದೇ ಇಲ್ಲ. ನೀರು ಆವಿಯಾಗುತ್ತದೆ, ಸೀಸ ಉಳಿಯುತ್ತದೆ. ನಾವು ಎಷ್ಟು ಕಾಳಜಿಯಿಂದ ಜಾಸ್ತಿ ಹೊತ್ತು ಕುದಿಸುತ್ತಿದ್ದೆವು ಅಂತ ನೆನೆಸಿಕೊಂಡರೆ ಹೊಟ್ಟೆ ಹಿಂಡುತ್ತದೆ.

ಟ್ಯಾಂಕಿನಲ್ಲಿ ಇಲ್ಲದ್ದು ನಲ್ಲಿಗೆ ಎಲ್ಲಿಂದ ಬಂತು? ನಡುವೆ ಇರುವುದು ಗೋಡೆಯೊಳಗಿನ ಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಮತ್ತು ಹಿತ್ತಾಳೆ ನಲ್ಲಿ. ಪಿವಿಸಿಯನ್ನು ಬಿಸಿ ಮಾಡಿ ಪೈಪು ಎಳೆಯುವಾಗ ಅದು ಕೆಡಬಾರದು ಅಂತ ಒಂದು ಸ್ಟೆಬಿಲೈಸರ್ ಬೆರೆಸುತ್ತಾರೆ. ನಮ್ಮಲ್ಲಿ ಬಹಳ ವರ್ಷ ಬೆರೆಸಿದ್ದು ಸೀಸದ್ದೇ, ಅಗ್ಗ ಅಂತ. ಪೈಪಿನಲ್ಲಿ ನಿಂತ ನೀರಿಗೆ ಅದು ಮೆಲ್ಲಗೆ ಇಳಿಯುತ್ತದೆ. ಬೇರೆ ಸ್ಟೆಬಿಲೈಸರ್ ಇಲ್ಲದೇ ಅಲ್ಲ. ಯುರೋಪಿನ ಕಂಪನಿಗಳು 2015ರ ಹೊತ್ತಿಗೆ ಸೀಸ ಬಿಟ್ಟವು. ನಮ್ಮಲ್ಲಿ ಪಿವಿಸಿ ಪೈಪಿನ ಸೀಸದ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2021ರಲ್ಲಿ. ಅದೂ ಹೊಸದಾಗಿ ತಯಾರಾಗುವ ಪೈಪಿಗೆ. ಗೋಡೆಯೊಳಗೆ ಆಗಲೇ ಹೂತುಹೋಗಿರುವ ಪೈಪಿನ ಗತಿ ಏನು?

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಹಾರ್ಡ್‌ವೇರ್ ಅಂಗಡಿ ನಿಮಗೆಲ್ಲ ಗೊತ್ತು. 22 ವರ್ಷ ಪೈಪು, ಪೈಪು ಜೋಡಿಸುವ ಎಲ್ಬೋ, ಟೀ, ಮತ್ತೆ ನಲ್ಲಿ ಮಾರಿದ್ದೇನೆ. ಇದನ್ನು ಓದುತ್ತಿರುವ ಎಷ್ಟೋ ಜನ ನನ್ನ ಹತ್ತಿರವೇ ಸಾಮಾನು ತಗೊಂಡು ಮನೆ ಕಟ್ಟಿದ್ದೀರಿ. ಗಿರಾಕಿ ರೇಟು ಕೇಳುತ್ತಿದ್ದರು, ಗೇಜ್ (ಪೈಪಿನ ದಪ್ಪ) ಕೇಳುತ್ತಿದ್ದರು. ಇದರೊಳಗೆ ಏನು ಬೆರೆಸಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕಂಪನಿಯವರನ್ನು ಕೇಳಲಿಲ್ಲ. ನಮ್ಮ ಅಡುಗೆಮನೆ ಗೋಡೆಯಲ್ಲಿರುವುದು ನನ್ನ ಅಂಗಡಿಯ ಪೈಪೇ. ಎರಡು ರಾತ್ರಿಯಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ಕಚೇರಿಯ ಆ ಮಾತಿಗೆ ವಾಪಸ್ ಬರುತ್ತೇನೆ. ಅವರು ನೀರು ಪರೀಕ್ಷೆ ಮಾಡುವುದು ಮೀಟರಿನ ಆಚೆ. ಸೀಸ ಸೇರುವುದು ಮೀಟರಿನ ಈಚೆ. ಹಾಗಿರುವಾಗ ಅವರ ರಿಪೋರ್ಟಿನಲ್ಲಿ ಅದು ಸಿಗುವುದಾದರೂ ಹೇಗೆ? ಹಳ್ಳಿಗಳ ಕಥೆಯೂ ಅಷ್ಟೇ. 2019ರಲ್ಲಿ ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಶುರುವಾದಾಗ ಮೀಸಲಿಟ್ಟ ಮೊತ್ತ 3.60 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 2 ಪರ್ಸೆಂಟ್‌ವರೆಗೆ ನೀರಿನ ಗುಣಮಟ್ಟ ನೋಡುವುದಕ್ಕೆ ಖರ್ಚು ಮಾಡಬಹುದು. ಊರೂರಿನಲ್ಲಿ ಐದೈದು ಹೆಂಗಸರಿಗೆ ಪರೀಕ್ಷೆ ಮಾಡುವುದನ್ನು ಕಲಿಸಿದ್ದಾರೆ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಅವರ ಕೈಗೆ ಕೊಟ್ಟ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ, ಕ್ಲೋರಿನ್ ನೋಡಬಹುದು, ಸೀಸ ನೋಡಲಾಗುವುದಿಲ್ಲ. ಅದಕ್ಕೆ ದೊಡ್ಡ ಯಂತ್ರವಿರುವ ಲ್ಯಾಬೇ ಬೇಕು. ಅಂದರೆ ದುಡ್ಡು ಬೇಕು. ಆ ದುಡ್ಡು ಯಾರ ಜೇಬಿನಿಂದ ಬರಬೇಕು ಅನ್ನುವುದೇ ನನ್ನ ಜಗಳ.

"ಆರ್‌ಒ ಹಾಕಿಸಿಕೊಳ್ಳಿ, ಮುಗಿಯಿತಲ್ಲ" ಅಂತ ನಮ್ಮ ಬಡಾವಣೆ ಗ್ರೂಪಿನಲ್ಲಿ ಒಬ್ಬರು ಬರೆದರು. ಹೌದು, ಆರ್‌ಒ ಫಿಲ್ಟರ್ ಸೀಸ ತೆಗೆಯುತ್ತದೆ. ನಾನೂ ಮೊನ್ನೆಯೇ ಹಾಕಿಸಿದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹುಡುಗಿಗೂ ಎರಡು ವರ್ಷದ ಮಗನಿದ್ದಾನೆ. ಬಾಡಿಗೆ ಮನೆ. ಗೋಡೆ ಒಡೆದು ಪೈಪು ಬದಲಿಸುವ ಹಕ್ಕು ಅವಳಿಗಿಲ್ಲ, ಆರ್‌ಒ ತರುವ ದುಡ್ಡೂ ಇಲ್ಲ. ಟೆಸ್ಟ್ ಮಾಡಿಸಬೇಕು ಅಂತ ಅವಳಿಗೆ ಹೇಳುವವರು ಯಾರು? ಅವಳ ಮಗನ ಮಿದುಳು ನನ್ನ ಮೊಮ್ಮಗಳ ಮಿದುಳಿಗಿಂತ ಕಡಿಮೆಯದಾ?

ಪಾವಗಡ, ಕೋಲಾರದ ಫ್ಲೋರೈಡ್ ಬಿಟ್ಟು ಸೀಸ ಯಾಕೆ ಹಿಡಿದುಕೊಂಡಿದ್ದೀರಿ ಅಂತಲೂ ಗ್ರೂಪಿನಲ್ಲಿ ಕೇಳಿದರು. ಅಲ್ಲಿಯ ಕಷ್ಟ ಕಣ್ಣಾರೆ ನೋಡಿದ್ದೇನೆ. ನೀರಿನ ಫ್ಲೋರೈಡಿನಿಂದ ಆದ ಹಲ್ಲಿನ ಕಲೆ ಎಲ್ಲರಿಗೂ ಕಂಡಿತು, ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹಲ್ಲಿನಲ್ಲಿ ಕಾಣುವುದಿಲ್ಲ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ದಡ್ಡ ಅಂತ ಬೈಯುತ್ತೇವೆ.

1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಅನ್ನುವ ಸೇವಾ ಸಂಸ್ಥೆಯವರು ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಮಿತಿ ದಾಟಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಇದರ ಹಿಂದೆ ಬಿದ್ದು ವರ್ಷಗಟ್ಟಲೆ ದುಡಿದರು. ಆಗ ಪೆಟ್ರೋಲಿಗೂ ಸೀಸ ಬೆರೆಸುತ್ತಿದ್ದರು, ಅದು ಹೊಗೆಯ ಜೊತೆ ಮೂಗಿಗೆ ಹೋಗುತ್ತಿತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಆಗ ಯಾರೂ "ಮೂಗಿನಿಂದ ಈಚೆ ನಿಮ್ಮದು, ನೀವೇ ಮುಖಕ್ಕೆ ಫಿಲ್ಟರ್ ಕಟ್ಟಿಕೊಳ್ಳಿ" ಅನ್ನಲಿಲ್ಲ. ಸರ್ಕಾರವೇ ಮಾಡಿತು. ಎಲ್ಲರಿಗೂ ಒಟ್ಟಿಗೆ ಆಯಿತು.

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆವಾರ್ಕ್ ಅಂತ ಊರಿದೆ. ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ನೋಡಲು ಹೋದಾಗ ವಿಮಾನ ಇಳಿಯುವುದು ಅಲ್ಲೇ. ಅಲ್ಲಿ ರಸ್ತೆಯಿಂದ ಮನೆಗೆ ಬರುವ ಪೈಪೇ ಸೀಸದ್ದು. ಅದು ಮಾಲೀಕರ ಸ್ವತ್ತು, ಖರ್ಚಿನಲ್ಲಿ ಅವರದೂ ಪಾಲು ಅಂತ ಅಲ್ಲೂ ಮೊದಲು ಹೇಳಿದ್ದರು. ಕೆಲಸ ನಿಧಾನವಾಯಿತು. 2019ರಲ್ಲಿ ಅಲ್ಲಿನ ಕೌಂಟಿ (ನಮ್ಮ ಜಿಲ್ಲಾಡಳಿತದ ಹಾಗೆ) 12 ಕೋಟಿ ಡಾಲರ್ ಸಾಲ ಎತ್ತಿಕೊಟ್ಟಿತು. ಮನೆಯವರಿಂದ ಒಂದು ಪೈಸೆಯನ್ನೂ ಕೇಳಲಿಲ್ಲ. ಬಾಡಿಗೆ ಮನೆಗಳೇ ಜಾಸ್ತಿ, ಮಾಲೀಕರು ಕೈಗೆ ಸಿಗುತ್ತಿರಲಿಲ್ಲ. ಅವರ ಒಪ್ಪಿಗೆಗೆ ಕಾಯದೆ ಪೈಪು ಬದಲಿಸಬಹುದು ಅಂತ ನಗರಸಭೆ ಕಾನೂನನ್ನೇ ಮಾಡಿತು. ಮೂರು ವರ್ಷದೊಳಗೆ 23,000ಕ್ಕೂ ಹೆಚ್ಚು ಪೈಪು ಬದಲಾದವು. ಇದನ್ನು ಓದಿದಾಗ ನಿಜವಾಗಿ ಕಣ್ಣು ತುಂಬಿ ಬಂತು.

ಅಮೆರಿಕದ ದುಡ್ಡು ನಮ್ಮಲ್ಲಿಲ್ಲ ಅನ್ನಬೇಡಿ. ನಮ್ಮದು ರಸ್ತೆ ಅಗೆಯುವ ಕೆಲಸವೂ ಅಲ್ಲ. ಎಲ್ಲ ಪೈಪೂ ಕೀಳಬೇಕಿಲ್ಲ. ಟ್ಯಾಂಕಿನಿಂದ ಅಡುಗೆಮನೆಗೆ ಬರುವ ಒಂದು ಲೈನು, ಒಂದು ನಲ್ಲಿ. ಪ್ಲಂಬರ್ ಮತ್ತು ಗಾರೆಯವನಿಗೆ ಒಂದು ದಿನದ ಕೆಲಸ. ಅಂಗಡಿ ನಡೆಸಿದವನಾಗಿ ಹೇಳುತ್ತಿದ್ದೇನೆ. ಮೊದಲು ಅಂಗನವಾಡಿ, ಶಾಲೆ, ಬಸುರಿ ಬಾಣಂತಿ ಇರುವ ಮನೆಗಳ ನಲ್ಲಿ ನೀರು, ಅದೂ ಬೆಳಗಿನ ಮೊದಲ ನೀರು, ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ ಆಗಲಿ. ಸೀಸ ಸಿಕ್ಕ ಕಡೆ ಆ ಒಂದು ಲೈನು ಬದಲಾಗಲಿ. ಇದನ್ನೇ ಎರಡು ಪುಟ ಬರೆದು ಇವತ್ತು ಕಚೇರಿಯಲ್ಲಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದಿದ್ದೇನೆ.

ನಮ್ಮ ಬೀದಿ ಕೊನೆಯ ಅಂಗನವಾಡಿಗೆ ಪೈಪು ಹೋದದ್ದೂ ನನ್ನ ಅಂಗಡಿಯಿಂದಲೇ. ಟೀಚರ್ ಹತ್ತಿರ ಮಾತಾಡಿದ್ದೇನೆ, ಇವತ್ತು ಸಂಜೆಯಿಂದ ಅಲ್ಲಿ ಯಾರೂ ನಲ್ಲಿ ತಿರುಗಿಸುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಾಟಲಿ ಹಿಡಿದು ಹೋಗುತ್ತೇನೆ. ಈ ಸಲದ ದುಡ್ಡು ನನ್ನದು. ರಿಪೋರ್ಟ್ ಬಂದ ದಿನ ಇಲ್ಲೇ ಹಾಕುತ್ತೇನೆ.